ಪುಸ್ತಕಭಂಡಾರವು ಕೊಡುವ ಪಾರಿತೋಷಕ

ಪರೀಕ್ಷೆಯಲ್ಲಿ ಮೊದಲಿಗರಾದವರಿಗೆ ಚಿನ್ನದ ಪದಕ, ಆಟದಲ್ಲಿ ಗೆದ್ದವರಿಗೆ ಬೆಳ್ಳಿಯ ಬಟ್ಟಲು, ಭಾಷಣದಲ್ಲಿ ಮೆರೆದವರಿಗೆ ಪುಸ್ತಕದ ಬಹುಮಾನ: ಇವೆಲ್ಲ ನಮ್ಮ ವಾಚಕರಿಗೆ ಪರಿಚಿತವಾದುವೇ ಸರಿ. ಆದರೆ ಪುಸ್ತಕಭಂಡಾರವೇ ಮುಂದೆ ಬಂದು, ತನ್ನಲ್ಲಿರುವ ಗ್ರಂಥಗಳನ್ನೂ ಕಾಗದಪತ್ರಗಳನ್ನೂ ಶೋಧಿಸಿ ಪ್ರಬಂಧ ಬರೆದ ವಿದ್ಯಾರ್ಥಿಗೆ ಪಾರಿತೋಷಕ ಕೊಡುವ ಪದ್ಧತಿಯೊಂದುಂಟು. ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಪ್ರತಿಯೊಂದು ಸಂಸಾರವೂ ಇದರಿಂದ ಗ್ರಹಿಸತಕ್ಕ ಅಂಶವಿರುವುದರಿಂದ ಅದನ್ನು ಕುರಿತು ನಾಲ್ಕು ಮಾತು ಹೇಳಲು ಅಪೇಕ್ಷಿಸುವೆವು.

ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಯೇಲ್ ವಿಶ್ವವಿದ್ಯಾನಿಲಯವೆಂಬುದೊಂದು ಪುರಾತನ ಸಂಸ್ಥೆ. 1701ರಲ್ಲಿ ಸ್ಥಾಪಿತವಾದ ಆ ಪಾಠಶಾಲೆಗೆ ಈ ಹೆಸರು ಬಂದುದು ನಮ್ಮ ನೆರೆಯ ಮದರಾಸಿನ ಸಂಬಂಧದಿಂದ. 1687ರಿಂದ 1692ರವರೆಗೆ ಮದರಾಸಿನ ಕೋಟೆಯಲ್ಲಿ ಕಂಪೆನಿಯ ಗವರ್ನರಾಗಿದ್ದ ಎಲಿಹು ಯೇಲನು 1718ರಲ್ಲಿ ಅದಕ್ಕೆ 417 ಪುಸ್ತಕಗಳನ್ನೂ, ಇಂಗ್ಲೆಂಡಿನ ದೊರೆಯ ಒಂದು ಚಿತ್ರಪಟವನ್ನೂ, ಮಾರಿ ಹಣ ಮಾಡಿಕೊಳ್ಳುವುದಕ್ಕಾಗಿ ಒಂಬತ್ತು ಮೂಟೆ ಸರಕನ್ನೂ ಕಳುಹಿಸಿದನು. ಕೃತಜ್ಞರಾದ ಅಲ್ಲಿಯವರು ಸಂಸ್ಥೆಗೆ ಅವನ ಹೆಸರನ್ನೇ ಇಟ್ಟರು. ಆದರೆ ಅವನ ಆಡಳಿತದಲ್ಲಿ ಮದರಾಸಿನಿಂದ ಗುಲಾಮರನ್ನು ಹಡಗುಗಳಲ್ಲಿ ಸಾಗಿಸುತ್ತಿದ್ದರೆಂಬ ಕಹಿ ಸಂಗತಿಯೂ ಉಂಟು. ದಾನಿಯ ಹೊಗಳಿಕೆ ಹೆಬ್ಬಾಗಿಲ ಕಲ್ಲಿನ ಮೇಲೆ ಉಳಿದೀತು. ಅವನ ಪೂರ್ಣ ಚರಿತ್ರೆ ಮಾತ್ರ ಹಳೆಯ ದಫ್ತರಗಳನ್ನು ತೆರೆದು ಓದುವವರಿಂದಲೇ ಹೊರಬೀಳತಕ್ಕುದು.

ಯೇಲ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯು ಮೊದಲ ಪದವಿಯ ಕಡೆಯ ವರ್ಷದಲ್ಲಿ ಒಂದು ದೀರ್ಘ ಪ್ರಬಂಧವನ್ನು ಬರೆಯುವ ವಾಡಿಕೆಯುಂಟು. ಇಂತಹ ಪ್ರಬಂಧಗಳಿಗಾಗಿ ಅಲ್ಲಿಯ ಪುಸ್ತಕಭಂಡಾರವು ಬೇರೆಬೇರೆ ಬಹುಮಾನಗಳನ್ನು ಏರ್ಪಡಿಸಿದೆ. ಸರ್ಕಾರದ ಪ್ರಕಟಣೆಗಳನ್ನು ಆಧರಿಸಿ ಉತ್ತಮ ಪ್ರಬಂಧ ಬರೆದವರಿಗೆ ಒಂದು. ಹಸ್ತಪ್ರತಿಗಳನ್ನೂ ಹಳೆಯ ದಾಖಲೆಗಳನ್ನೂ ಶೋಧಿಸಿದವರಿಗೆ ಇನ್ನೊಂದು. ಭೂಪಟಗಳನ್ನು ಚೆನ್ನಾಗಿ ಬಳಸಿದವರಿಗೆ ಮತ್ತೊಂದು. ಎರಡನೆಯದಕ್ಕೆ ಆ ದಾಖಲೆಗಳ ವಿಭಾಗದಲ್ಲಿಯೇ ದುಡಿದ ಡಯೇನ್ ಕಪ್ಲನ್ ಎಂಬ ಮಹಿಳೆಯ ಹೆಸರಿಟ್ಟಿರುವರು. ಧನಿಕರ ಹೆಸರು ಬಹುಮಾನಗಳಿಗೆ ಬರುವುದು ಸಾಮಾನ್ಯ. ಕಾಗದದ ಧೂಳು ಕೊಡವಿ ಹೊಂದಿಸಿಟ್ಟವರ ಹೆಸರು ಬರುವುದು ವಿರಳ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರವೂ ಇಂತಹುದೇ ಒಂದು ಬಹುಮಾನವನ್ನು ಕೊಡುತ್ತದೆ. ಅದಕ್ಕೆ ಪ್ರಬಂಧವೊಂದನ್ನು ಒಪ್ಪಿಸಿದರೆ ಸಾಲದು. ತಾನು ಹೇಗೆ ಹುಡುಕಿದೆ, ಎಲ್ಲಿ ದಾರಿ ತಪ್ಪಿದೆ, ಯಾವ ಆಧಾರವನ್ನು ಏಕೆ ನಂಬಿದೆ, ಯಾವುದನ್ನು ಏಕೆ ಬಿಟ್ಟೆ ಎಂಬುದನ್ನು ವಿದ್ಯಾರ್ಥಿಯು ಬೇರೊಂದು ಸಣ್ಣ ಬರೆವಣಿಗೆಯಲ್ಲಿ ವಿವರಿಸಬೇಕು. ಫಲವನ್ನು ಮಾತ್ರವಲ್ಲದೆ ಬೇಸಾಯವನ್ನೂ ಪರೀಕ್ಷಿಸುವ ಈ ಕ್ರಮವು ಬಹು ಯುಕ್ತವಾದುದೆಂದು ನಮ್ಮ ಮತ. ಹಣ ಕೊಟ್ಟು ಬರೆಸಿಕೊಂಡವನೂ, ಇಂದಿನ ಯಂತ್ರವು ಕ್ಷಣದಲ್ಲಿ ಹೆಣೆದುಕೊಟ್ಟುದನ್ನು ತನ್ನದೆಂದವನೂ, ತಾನು ನಡೆಯದ ದಾರಿಯನ್ನು ಹೇಗೆ ತಾನೆ ವರ್ಣಿಸಿಯಾನು?

ವಿದ್ಯಾರ್ಥಿಯ ಪ್ರಬಂಧದಿಂದ ಲೋಕಕ್ಕೇನು ಲಾಭವೆಂದು ಕೆಲವರು ಕೇಳಬಹುದು. ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಕೆನಡಿಯು 1940ರಲ್ಲಿ ಹಾರ್ವರ್ಡಿನಲ್ಲಿ ಮ್ಯೂನಿಕ್ ಒಪ್ಪಂದವನ್ನು ಕುರಿತು ಪ್ರಬಂಧ ಬರೆದನು. ಅದು ಅದೇ ವರ್ಷ ಪುಸ್ತಕವಾಗಿ ಹೊರಬಂದು ಬಹಳ ಜನರಿಂದ ಓದಲ್ಪಟ್ಟಿತು. ಆಗ ಅವನ ತಂದೆಯು ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿ. ಬೇಕಾದ ಇಂಗ್ಲಿಷ್ ಪತ್ರಿಕೆಗಳೂ ವರದಿಗಳೂ ರಾಯಭಾರದ ಕಚೇರಿಯ ಮೂಲಕವೇ ಅವನಿಗೆ ದೊರೆತುವು. ಎಲ್ಲರ ತಂದೆಯೂ ರಾಯಭಾರಿಯಾಗಿರುವನೆ? ಬಡವರ ಮನೆಯ ಹುಡುಗನಿಗೆ, ಮೊದಲ ಬಾರಿಗೆ ಕಾಲೇಜಿನ ಮೆಟ್ಟಲು ಹತ್ತಿದ ಹುಡುಗಿಗೆ, ಅಂತಹ ನೆರವು ದೊರೆಯುವುದು ಸಾರ್ವಜನಿಕ ಪುಸ್ತಕಭಂಡಾರದಲ್ಲಿ ಮಾತ್ರವೇ. ಆದುದರಿಂದ ಈ ಪಾರಿತೋಷಕವು ಬುದ್ಧಿವಂತರಿಗೆ ಸಲ್ಲುವ ಗೌರವವಷ್ಟೇ ಅಲ್ಲ. ಜ್ಞಾನದ ಬಾಗಿಲು ಎಲ್ಲರಿಗೂ ತೆರೆದಿದೆಯೆಂದು ಸಾರುವ ಡಂಗುರವೂ ಅಹುದು.

ನಮ್ಮ ನಾಡಿಗೂ ಈ ವಿಚಾರವು ದೂರವಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರಲ್ಲಿ ಪ್ರಕಟಿಸಿದ ಪದವಿ ಶಿಕ್ಷಣದ ಕ್ರಮದಲ್ಲಿ, ಮೊದಲ ಆರು ಸೆಮಿಸ್ಟರುಗಳಲ್ಲಿ ನೂರಕ್ಕೆ 75 ಅಂಕಗಳನ್ನು ಪಡೆದವರು ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಮಾಡಿ ಪ್ರಬಂಧ ಬರೆಯಲು ಅವಕಾಶವಿತ್ತಿತು. ಕರ್ನಾಟಕವು 2024ರಲ್ಲಿ ಮೂರು ವರ್ಷದ ಪದವಿಗೆ ಹಿಂದಿರುಗಿತು. ವರ್ಷಗಳು ಮೂರಾಗಲಿ ನಾಲ್ಕಾಗಲಿ, ಹುಡುಕಿ ಓದುವ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಭಾರತದ ಪುಸ್ತಕಭಂಡಾರ ಶಾಸ್ತ್ರಕ್ಕೆ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಪುಸ್ತಕಗಳಿರುವುದು ಬಳಕೆಗಾಗಿ ಎಂಬುದನ್ನೇ 1931ರಲ್ಲಿ ತಮ್ಮ ಶಾಸ್ತ್ರದ ಮೊದಲ ಸೂತ್ರವನ್ನಾಗಿ ಮಾಡಿದರು; 1962ರಲ್ಲಿ ಬೆಂಗಳೂರಿನಲ್ಲಿ ಆ ಶಾಸ್ತ್ರದ ಶಿಕ್ಷಣಕ್ಕಾಗಿಯೇ ಒಂದು ಕೇಂದ್ರವನ್ನು ತೆರೆದರು. ಇಂತಹ ನಗರವಿರುವ ನಾಡಿನಲ್ಲಿ ಬೀರುಗಳಿಗೆ ಬೀಗ ಹಾಕಿ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡಿದುದೇ ಸಾಧನೆಯೆಂದುಕೊಳ್ಳುವುದು ಶೋಭಿಸದು.

ಇಂತಹ ಬಹುಮಾನಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಊರಿನ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಸೇರಿ ಸಣ್ಣದೊಂದು ನಿಧಿಯನ್ನು ಇಟ್ಟರೆ ಸಾಕು. ಊರಿನ ಕೆರೆ, ಸಂತೆ, ಶಾಸನ, ಹಳೆಯ ಪತ್ರಿಕೆ, ಇವುಗಳಲ್ಲಿ ಯಾವುದನ್ನಾದರೂ ಕುರಿತು ಮೂಲವನ್ನು ನೋಡಿ ಬರೆದವರಿಗೆ ವರ್ಷಕ್ಕೊಂದು ಬಾರಿ ಸನ್ಮಾನವಾಗಲಿ; ಬರೆದುದರ ಒಂದು ಪ್ರತಿಯು ಅದೇ ಪುಸ್ತಕಭಂಡಾರದಲ್ಲಿ ಮುಂದಿನವರಿಗೆ ಉಳಿಯಲಿ. ಗೃಹಸ್ಥರಾದ ನಾವಾದರೋ ಮಕ್ಕಳು ಮನೆಗೆ ಬಂದಾಗ ಎಷ್ಟು ಅಂಕ ಬಂತೆಂದು ಕೇಳುವುದರ ಜೊತೆಗೆ, ಈ ವಿಷಯ ನಿನಗೆ ಎಲ್ಲಿ ಸಿಕ್ಕಿತೆಂದೂ ಕೇಳುವುದನ್ನು ರೂಢಿ ಮಾಡಿಕೊಳ್ಳೋಣ. ಆ ಪ್ರಶ್ನೆಗೆ ನಿಜವಾದ ಉತ್ತರ ಹೇಳಬಲ್ಲ ಮಗುವು ನಾಳೆ ಯಾರ ಮಾತಿಗೂ ಸುಲಭವಾಗಿ ಮೋಸಹೋಗದು.