ಹೆಸರು ಬದಲಿಸಿದ ಹಡಗು

ಕಡಲ್ಗಳ್ಳರು ಅಂದ ತಕ್ಷಣ ಸೊಮಾಲಿಯಾ ನೆನಪಾಗುತ್ತೆ. ಆದರೆ ಏಷ್ಯಾದ ದೇಶಗಳನ್ನು ಈ ವಿಷಯದಲ್ಲಿ ಒಟ್ಟುಗೂಡಿಸಿದ್ದು ಜಪಾನಿನವರ ಒಂದು ಹಡಗು. ಅದು ಸಿಕ್ಕಿದ್ದು ನಮ್ಮ ಅರಬ್ಬೀ ಸಮುದ್ರದಲ್ಲಿ.

1999ರ ಅಕ್ಟೋಬರ್ 22. 'ಅಲೊಂಡ್ರಾ ರೇನ್‌ಬೋ' ಸುಮಾರು 7000 ಟನ್ ಅಲ್ಯೂಮಿನಿಯಂ ಗಟ್ಟಿಗಳನ್ನು ಹೊತ್ತು ಇಂಡೋನೇಷ್ಯಾದಿಂದ ಜಪಾನಿನ ಮಿಯಿಕೆ ಬಂದರಿಗೆ ಹೊರಟಿತು. ಸ್ವಲ್ಪ ಹೊತ್ತಿನಲ್ಲೇ ಶಸ್ತ್ರಧಾರಿಗಳು ಹಡಗು ಹತ್ತಿದರು. ಅದರಲ್ಲಿದ್ದದ್ದು 17 ಜನ: ಇಬ್ಬರು ಜಪಾನಿಯರು, 15 ಮಂದಿ ಫಿಲಿಪೀನ್ಸಿನವರು. ಅವರನ್ನು ಒಂದು ವಾರ ಹಿಡಿದಿಟ್ಟು, ಆಮೇಲೆ ತೆಪ್ಪದಲ್ಲಿ ನಡುಗಡಲಿಗೆ ಬಿಟ್ಟರು. ಸುಮಾರು ಹತ್ತು ದಿನ ತೇಲಿದ ಮೇಲೆ ಮೀನುಗಾರಿಕಾ ದೋಣಿಯೊಂದು ಅವರನ್ನು ಕಂಡಿತು. ಎಲ್ಲರೂ ಬದುಕಿದರು.

ಅಷ್ಟರಲ್ಲಿ ಹಡಗಿನ ಬಣ್ಣ ಬದಲಾಗಿತ್ತು, ಹೆಸರು 'ಮೆಗಾ ರಾಮಾ' ಆಗಿತ್ತು, ಸರಕಿನಲ್ಲಿ ಒಂದು ಪಾಲು ಕೈಬದಲಾಗಿತ್ತು. ಕೌಲಾಲಂಪುರದ ಕಡಲ್ಗಳ್ಳತನ ವರದಿ ಕೇಂದ್ರ ಎಲ್ಲೆಡೆ ಸುದ್ದಿ ಹರಡಿದ್ದರಿಂದ ನಮ್ಮ ಕರಾವಳಿ ಕಾವಲು ಪಡೆಗೆ ಅದರ ಜಾಡು ಸಿಕ್ಕಿತು. 'ತಾರಾಬಾಯಿ' ಬೆನ್ನಟ್ಟಿತು, ನೌಕಾಪಡೆಯ 'ಪ್ರಹಾರ್' ಜೊತೆಗೂಡಿತು. ನವೆಂಬರ್ 16ರಂದು ಹಡಗು ವಶವಾಯಿತು.

ಈಗ ವಿಜ್ಞಾನಕ್ಕೆ ಬರೋಣ. ಬಂಡೀಪುರದಲ್ಲಿ ಮರದ ಮೇಲಿನ ಮುಸುವ ಹುಲಿ ಕಂಡು ಕೂಗಿದರೆ ಕೆಳಗಿರೋ ಜಿಂಕೆಯೂ ಎಚ್ಚರಗೊಳ್ಳುತ್ತೆ. ಅವು ಬೇರೆ ಬೇರೆ ಜೀವಿಗಳು, ಆದರೆ ಅಪಾಯದ ಸುದ್ದಿ ಇಬ್ಬರದೂ. ಜಪಾನ್ ಮಾಡಿದ್ದೂ ಇದೇ. ಅದರ ಮುಂದಾಳತ್ವದಲ್ಲಿ 'ರೀಕ್ಯಾಪ್' ಅನ್ನೋ ಒಪ್ಪಂದ 2004ರಲ್ಲಿ ಟೋಕಿಯೋದಲ್ಲಿ ರೂಪುಗೊಂಡು 2006ರಲ್ಲಿ ಜಾರಿಯಾಯಿತು. ಭಾರತವೂ ಅದರಲ್ಲಿದೆ. ಸಿಂಗಪುರದ ಅದರ ಕೇಂದ್ರಕ್ಕೆ ಸದಸ್ಯ ದೇಶಗಳು ಮಾಹಿತಿ ಕೊಡ್ತವೆ.

ಇದು ಯಾಕೆ ಬೇಕು ಅಂದರೆ, ಕಾನೂನಿನ ಲೆಕ್ಕದಲ್ಲಿ ಯಾವ ದೇಶಕ್ಕೂ ಸೇರದ ಕಡಲಲ್ಲಿ ನಡೆದರೆ ಮಾತ್ರ ಅದು ಕಡಲ್ಗಳ್ಳತನ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ಒಳಗೆ ನಡೆದರೆ ಸಶಸ್ತ್ರ ದರೋಡೆ. ಅದನ್ನು ತಡೆಯೋ ಅಧಿಕಾರ ಆ ದೇಶದ್ದೇ. ಮಲಕ್ಕಾ ಜಲಸಂಧಿಯಂಥ ಇಕ್ಕಟ್ಟಿನ ದಾರಿಯಲ್ಲಿ ಕಳ್ಳರು ಗಡಿ ದಾಟೋಕೆ ಹೆಚ್ಚು ಹೊತ್ತು ಬೇಡ. ಸುದ್ದಿ ಅವರಿಗಿಂತ ಬೇಗ ದಾಟಬೇಕು.

ಹಡಗಿನಲ್ಲೂ ಬದಲಾವಣೆ ಬಂತು. 2004ರ ಜುಲೈನಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ದೊಡ್ಡ ಹಡಗುಗಳ ಮೈಮೇಲೆ ಏಳಂಕಿಯ ಗುರುತು ಸಂಖ್ಯೆ ಅಳಿಸಲಾಗದಂತೆ ಇರಬೇಕು. ಹೆಸರು, ಬಾವುಟ, ಮಾಲೀಕ ಯಾರೇ ಬದಲಾದರೂ ಅದು ಬದಲಾಗಲ್ಲ. ಜೊತೆಗೆ ಒಂದು ಗುಪ್ತ ಗುಂಡಿ ಇರುತ್ತೆ. ಒತ್ತಿದರೆ ಹಡಗಿನಲ್ಲಿ ಸೈರನ್ ಕೂಗಲ್ಲ, ದಡಕ್ಕೆ ಮಾತ್ರ ಸಂದೇಶ ಹೋಗುತ್ತೆ. ಪಕ್ಕದಲ್ಲಿ ಬಂದೂಕು ಹಿಡಿದು ನಿಂತವನಿಗೆ ಗೊತ್ತಾಗಬಾರದಲ್ಲ!

ಆದರೆ ಹಿಡಿದರಷ್ಟೇ ಸಾಲದು. ಅಲೊಂಡ್ರಾ ರೇನ್‌ಬೋ ಆರೋಪಿಗಳಿಗೆ ಮುಂಬೈನಲ್ಲಿ 2003ರಲ್ಲಿ ಶಿಕ್ಷೆಯಾಯಿತು, 2005ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. ಆಗ ನಮ್ಮಲ್ಲಿ ಕಡಲ್ಗಳ್ಳತನಕ್ಕೆ ಅಂತಲೇ ಕಾನೂನು ಇರಲಿಲ್ಲ. ಅದು ಬಂದದ್ದು 2022ರಲ್ಲಿ. ಹಡಗು ಸಿಕ್ಕಿ 23 ವರ್ಷದ ಮೇಲೆ.