ಹೊಸ ಸ್ವಿಚ್ ಫ್ಯಾಬ್ರಿಕ್‌ಗೆ ಸೇರದಿದ್ದಾಗ

ಸಿಡ್ನಿಯ ನೈಋತ್ಯಕ್ಕಿರುವ ಲಿವರ್‌ಪೂಲ್, 1810ರಲ್ಲಿ ಗವರ್ನರ್ ಲಾಕ್ಲನ್ ಮ್ಯಾಕ್ವಾರಿ ಸ್ಥಾಪಿಸಿದ ಊರು. ದೊಡ್ಡ ಸಾರ್ವಜನಿಕ ಆಸ್ಪತ್ರೆ, ವಿಶ್ವವಿದ್ಯಾಲಯದ ಕ್ಯಾಂಪಸ್, ಸರ್ಕಾರಿ ಕಚೇರಿಗಳಿರುವ ಇಂಥ ನಗರದಲ್ಲಿ ರೋಗಿಯ ಸ್ಕ್ಯಾನ್ ಚಿತ್ರದಿಂದ ಹಿಡಿದು ಆಸ್ತಿಯ ದಾಖಲೆಯವರೆಗೆ ಎಲ್ಲವೂ ಕಂಪ್ಯೂಟರ್ ಸಂಗ್ರಹಗಳಲ್ಲೇ ಉಳಿದಿರುತ್ತವೆ. ಸಿಡ್ನಿ ಮತ್ತು ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರು ಮಾಹಿತಿ ತಂತ್ರಜ್ಞಾನದ ಉದ್ಯೋಗದಲ್ಲಿರುವುದರಿಂದ, ರಾತ್ರಿ ಅಥವಾ ವಾರಾಂತ್ಯದಲ್ಲಿ ‘ಚೇಂಜ್ ಇದೆ’ ಎಂಬ ಮಾತು ಅಲ್ಲಿನ ಎಷ್ಟೋ ಮನೆಗಳಿಗೆ ಪರಿಚಿತ. ಅಂಥ ಚೇಂಜ್‌ಗಳಲ್ಲಿ, ಅಂದರೆ ವ್ಯವಸ್ಥೆಯಲ್ಲಿ ಮಾಡುವ ಯೋಜಿತ ಬದಲಾವಣೆಗಳಲ್ಲಿ ಒಂದು, ಬಳಕೆಯಲ್ಲಿರುವ ಸಂಗ್ರಹ ಜಾಲಕ್ಕೆ ಹೊಸ ಸ್ವಿಚ್ ಸೇರಿಸುವುದು. ಕೇಬಲ್ ಜೋಡಿಸಿ, ದೀಪ ಹಸಿರಾದ ಮೇಲೂ ಸ್ವಿಚ್ ಜಾಲಕ್ಕೆ ಸೇರದೆ ಉಳಿಯುವ ಸಂದರ್ಭ ಈ ಕೆಲಸದಲ್ಲಿ ಅಪರೂಪವಲ್ಲ.

ಸರ್ವರ್‌ಗಳನ್ನೂ ದತ್ತಾಂಶ ಸಂಗ್ರಹಿಸುವ ಡಿಸ್ಕ್‌ಗಳನ್ನೂ ಬೆಸೆಯಲೆಂದೇ ಇರುವ ಪ್ರತ್ಯೇಕ ಜಾಲವನ್ನು ಸ್ಟೋರೇಜ್ ಏರಿಯಾ ನೆಟ್‌ವರ್ಕ್, ಅಂದರೆ ಸ್ಯಾನ್ ಎನ್ನುತ್ತಾರೆ. ಇದರಲ್ಲಿ ಹೆಚ್ಚಾಗಿ ಬಳಕೆಯಾಗುವುದು 1994ರಲ್ಲಿ ಅಮೆರಿಕದ ಮಾನಕ ಸಂಸ್ಥೆಯ ಮನ್ನಣೆ ಪಡೆದ ಫೈಬರ್ ಚಾನೆಲ್ ತಂತ್ರಜ್ಞಾನ. ಸರ್ವರ್‌ನಿಂದ ಬಂದ ದತ್ತಾಂಶವನ್ನು ಸರಿಯಾದ ಡಿಸ್ಕಿಗೆ ತಲುಪಿಸುವ ಉಪಕರಣವೇ ಸ್ವಿಚ್. ಹಲವು ಸ್ವಿಚ್‌ಗಳು ಪರಸ್ಪರ ಬೆಸೆದು, ವಿಳಾಸ ಮತ್ತು ನಿಯಮಗಳನ್ನು ಹಂಚಿಕೊಂಡು ಒಂದೇ ಘಟಕದಂತೆ ನಡೆದಾಗ ಅದು ಫ್ಯಾಬ್ರಿಕ್ ಎನಿಸುತ್ತದೆ. ಸೇರಲಾಗದ ಸ್ವಿಚ್‌ನ ಪೋರ್ಟನ್ನು, ಅಂದರೆ ಕೇಬಲ್ ಜೋಡಿಸುವ ಕಿಂಡಿಯನ್ನು, ಬ್ರೋಕೇಡ್ ಕಂಪನಿಯ ಉಪಕರಣಗಳು ‘ಸೆಗ್ಮೆಂಟೆಡ್’ ಎಂದೂ ಸಿಸ್ಕೋ ಉಪಕರಣಗಳು ‘ಐಸೊಲೇಟೆಡ್’ ಎಂದೂ ತೋರಿಸುತ್ತವೆ. ಇದನ್ನು ಉಪಕರಣ ಕೆಟ್ಟಿರುವುದರ ಸೂಚನೆ ಎಂದು ತಿಳಿಯುವುದು ತಪ್ಪು. ಹೊಂದಾಣಿಕೆಯಾಗದ ಸ್ವಿಚ್‌ ಒಳಬಂದು ಇರುವ ದತ್ತಾಂಶಕ್ಕೆ ಧಕ್ಕೆ ತಾರದಂತೆ ಫ್ಯಾಬ್ರಿಕ್ ತನ್ನನ್ನು ತಾನೇ ಕಾಯ್ದುಕೊಳ್ಳುತ್ತಿದೆ ಎಂಬುದೇ ಅದರ ಅರ್ಥ. ಆದ್ದರಿಂದ ಬಲವಂತವಾಗಿ ಒಳಸೇರಿಸುವುದಕ್ಕಿಂತ, ನಿರಾಕರಣೆಯ ಕಾರಣವನ್ನು ಸ್ವಿಚ್‌ಗಳು ಮಾತುಕತೆ ನಡೆಸುವ ಕ್ರಮದಲ್ಲೇ ಹುಡುಕುವುದು ಸರಿಯಾದ ಮಾರ್ಗ.

ಮೊದಲ ಹಂತ ಬೆಳಕಿನದು. ಕೇಬಲ್ಲಿನ ಎರಡೂ ತುದಿಗಳಲ್ಲಿ ವಿದ್ಯುತ್ ಸಂಕೇತವನ್ನು ಬೆಳಕಾಗಿಸುವ ಎಸ್‌ಎಫ್‌ಪಿ ಎಂಬ ಚಿಕ್ಕ ಬಿಡಿಭಾಗವಿರುತ್ತದೆ. ಒಂದು ತುದಿಯಲ್ಲಿ 850 ನ್ಯಾನೊಮೀಟರ್ ತರಂಗಾಂತರದ್ದೂ ಇನ್ನೊಂದರಲ್ಲಿ 1310 ನ್ಯಾನೊಮೀಟರ್‌ನದೂ ಇದ್ದರೆ ಸಂಪರ್ಕ ಏರ್ಪಡುವುದಿಲ್ಲ. ವೇಗವೂ ಹೊಂದಬೇಕು. ಫೈಬರ್ ಚಾನೆಲ್ ಸಾಮಾನ್ಯವಾಗಿ ತನ್ನ ಹಿಂದಿನ ಎರಡು ಪೀಳಿಗೆಗಳೊಡನೆ ಮಾತ್ರ ಹೊಂದಿಕೊಳ್ಳುವುದರಿಂದ, 32 ಗಿಗಾಬಿಟ್‌ನ ಎಸ್‌ಎಫ್‌ಪಿ 16 ಮತ್ತು 8ಕ್ಕೆ ಇಳಿಯಬಲ್ಲದೇ ಹೊರತು, ಹಳೆಯ 4 ಗಿಗಾಬಿಟ್‌ನ ಸ್ವಿಚ್‌ನೊಡನೆ ಮಾತನಾಡಲಾರದು.

ಬೆಳಕು ತಲುಪಿದ ಮೇಲೆ ಎರಡು ಸ್ವಿಚ್‌ಗಳೂ ತಮ್ಮ ಮೂಲ ನಿಯಮಗಳನ್ನು ಪರಸ್ಪರ ತಿಳಿಸುತ್ತವೆ. ಕಳುಹಿಸಿದ್ದಕ್ಕೆ ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂಬುದು ಅವುಗಳಲ್ಲಿ ಮುಖ್ಯವಾದುದು. ಇದರ ಎರಡು ಅವಧಿಗಳು ವಾಡಿಕೆಯಂತೆ 2 ಸೆಕೆಂಡ್ ಮತ್ತು 10 ಸೆಕೆಂಡ್. ಯಾವಾಗಲೋ ಯಾರೋ ಒಂದು ಕಡೆ ಇವನ್ನು ಬದಲಿಸಿದ್ದರೆ ಮಾತುಕತೆ ಇಲ್ಲಿಗೇ ಮುರಿದುಬೀಳುತ್ತದೆ.

ಹೆಚ್ಚು ತೊಡಕು ತರುವುದು ಮುಂದಿನ ಹಂತದ ಡೊಮೇನ್ ಸಂಖ್ಯೆ. ಆಸ್ಟ್ರೇಲಿಯದಲ್ಲಿ ಸಿಡ್ನಿಯ ದೂರವಾಣಿ ಸಂಖ್ಯೆಗಳಿಗೆ 02, ಮೆಲ್ಬರ್ನ್‌ನವಕ್ಕೆ 03 ಎಂಬ ಪ್ರದೇಶ ಸಂಕೇತ ಇರುವಂತೆ, ಫ್ಯಾಬ್ರಿಕ್‌ನ ಪ್ರತಿಯೊಂದು ಸ್ವಿಚ್‌ಗೂ 1ರಿಂದ 239ರವರೆಗಿನ ಒಂದು ಸಂಖ್ಯೆ ಇರುತ್ತದೆ, ಮತ್ತು ಆ ಸ್ವಿಚ್‌ಗೆ ಜೋಡಿಸಿದ ಸಾಧನಗಳ 24 ಬಿಟ್‌ಗಳ ವಿಳಾಸ ಈ ಸಂಖ್ಯೆಯಿಂದಲೇ ಆರಂಭವಾಗುತ್ತದೆ. ಕಾರ್ಖಾನೆಯಿಂದ ಬಂದ ಬ್ರೋಕೇಡ್ ಸ್ವಿಚ್‌ನ ಸಂಖ್ಯೆ 1. ಹಳೆಯ ಫ್ಯಾಬ್ರಿಕ್‌ನಲ್ಲೂ ಮೊದಲು ಸ್ಥಾಪಿಸಿದ ಸ್ವಿಚ್ 1 ಎಂದೇ ಉಳಿದಿದ್ದರೆ, ಒಂದೇ ಸಂಖ್ಯೆಯ ಎರಡು ಸ್ವಿಚ್‌ಗಳು ಎದುರಾಗಿ ಸಂಪರ್ಕ ಕಡಿದುಹೋಗುತ್ತದೆ. ಹೊಸ ಸ್ವಿಚ್ಚನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿ, ಬಳಕೆಯಲ್ಲಿಲ್ಲದ ಸಂಖ್ಯೆ ಕೊಟ್ಟು ಮತ್ತೆ ಚಾಲನೆಗೊಳಿಸುವುದು ಇದಕ್ಕೆ ಪರಿಹಾರ. ಹೊಸ ಸ್ವಿಚ್‌ಗೆ ಇನ್ನೂ ಸರ್ವರ್‌ಗಳು ಸೇರಿಲ್ಲದ ಕಾರಣ ಯಾವ ನಷ್ಟವೂ ಆಗುವುದಿಲ್ಲ. ಆದರೆ ಹಳೆಯ ಸ್ವಿಚ್‌ನ ಸಂಖ್ಯೆ ಬದಲಿಸಿದರೆ ಅದಕ್ಕಂಟಿದ ಎಲ್ಲ ಸಾಧನಗಳ ವಿಳಾಸವೂ ಬದಲಾಗಿ, ವಿಳಾಸವನ್ನೇ ನೆಚ್ಚಿದ ಕೆಲವು ಹಳೆಯ ಯುನಿಕ್ಸ್ ವ್ಯವಸ್ಥೆಗಳಿಗೆ ತಮ್ಮ ಡಿಸ್ಕ್‌ಗಳೇ ಕಾಣದಂತಾಗಬಹುದು.

ನಾಲ್ಕನೆಯ ಹಂತ ಝೋನಿಂಗ್. ಯಾವ ಸರ್ವರ್ ಯಾವ ಡಿಸ್ಕನ್ನು ನೋಡಬಹುದು ಎಂಬ ಅನುಮತಿ ಪಟ್ಟಿಗೆ ಝೋನ್ ಎಂದು ಹೆಸರು. ಫ್ಯಾಬ್ರಿಕ್‌ನ ಎಲ್ಲ ಸ್ವಿಚ್‌ಗಳೂ ಈ ಪಟ್ಟಿಯ ಒಂದೇ ಪ್ರತಿಯನ್ನು ಇಟ್ಟುಕೊಂಡಿರಬೇಕು. ಖಾಲಿ ಪಟ್ಟಿಯೊಡನೆ ಬಂದ ಸ್ವಿಚ್ ಫ್ಯಾಬ್ರಿಕ್‌ನ ಪಟ್ಟಿಯನ್ನು ತಾನಾಗಿ ಪಡೆಯುತ್ತದೆ. ಬೇರೆಡೆ ಬಳಸಿ ತಂದ ಸ್ವಿಚ್‌ನಲ್ಲಿ ಅದೇ ಹೆಸರಿನ, ಬೇರೆ ಸದಸ್ಯರಿರುವ ಝೋನ್ ಉಳಿದಿದ್ದರೆ, ಯಾವುದು ಸರಿ ಎಂದು ತೀರ್ಮಾನಿಸಲಾಗದೆ ಎರಡೂ ಬೇರ್ಪಡುತ್ತವೆ. ಇಲ್ಲಿ ಅಳಿಸಬೇಕಾದುದು ಹೊಸ ಸ್ವಿಚ್‌ನ ಪಟ್ಟಿಯನ್ನು ಮಾತ್ರ. ಅವಸರದಲ್ಲಿ ಚಾಲ್ತಿಯಲ್ಲಿರುವ ಫ್ಯಾಬ್ರಿಕ್‌ನ ಪಟ್ಟಿಯನ್ನು ಅಳಿಸಿದರೆ ಸರ್ವರ್‌ಗಳು ತಮ್ಮ ಡಿಸ್ಕ್‌ಗಳಿಂದ ಒಮ್ಮೆಗೇ ಕಳಚಿಕೊಳ್ಳಬಹುದು, ಇಲ್ಲವೆ ನೋಡಬಾರದ ಡಿಸ್ಕನ್ನು ನೋಡತೊಡಗಬಹುದು. ಆಸ್ಪತ್ರೆಯಂಥ ಕಡೆ ಎರಡೂ ಅಪಾಯಕರ. ಇವೆಲ್ಲ ಸರಿಯಿದ್ದೂ ಸ್ವಿಚ್ ಸೇರದಿದ್ದರೆ, ಅನುಮತಿಸಿದ ಸ್ವಿಚ್‌ಗಳ ಭದ್ರತಾ ಪಟ್ಟಿಯಲ್ಲಿ ಹೊಸದರ 64 ಬಿಟ್‌ಗಳ ಶಾಶ್ವತ ಗುರುತು ಇದೆಯೇ ಎಂದು ನೋಡಬೇಕಾಗುತ್ತದೆ.

ಸಿಡ್ನಿ ಮತ್ತು ಮೆಲ್ಬರ್ನ್‌ಗಳ ನಡುವೆ ದತ್ತಾಂಶದ ಪ್ರತಿ ಇಡುವ ಸಂಸ್ಥೆಗೆ ದೂರವೂ ಒಂದು ಪ್ರಶ್ನೆ. ಈ ನಗರಗಳ ನಡುವಿನ ನೇರ ಅಂತರ ಸುಮಾರು 700 ಕಿಲೋಮೀಟರ್. ಗಾಜಿನೆಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಸಾಗುವುದರಿಂದ, ಹೋಗಿ ಬರಲು ಕನಿಷ್ಠ 7 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಉತ್ತರಕ್ಕೆ ಕಾಯದೆ ದತ್ತಾಂಶ ಹರಿಯುತ್ತಲೇ ಇರಬೇಕಾದರೆ, ಎದುರು ತುದಿಯ ಪೋರ್ಟಿನಲ್ಲಿ ಬಂದದ್ದನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳುವ ಬಫರ್‌ಗಳು 8 ಗಿಗಾಬಿಟ್ ವೇಗದಲ್ಲಿ ಕಿಲೋಮೀಟರಿಗೆ ಸುಮಾರು 4ರಂತೆ ಇರಬೇಕು. ಅಷ್ಟೊಂದು ಬಫರ್‌ಗಳನ್ನು ಒದಗಿಸುವುದು ಸುಲಭವಲ್ಲದ ಕಾರಣ ಇಷ್ಟು ದೂರದ ಸಂಪರ್ಕಕ್ಕೆ ಐಪಿ ಜಾಲದ ಮೂಲಕ ಫೈಬರ್ ಚಾನೆಲ್ ಸಾಗಿಸುವ ಎಫ್‌ಸಿಐಪಿ ವಿಧಾನ ಬಳಕೆಯಲ್ಲಿದೆ; ಅದರೊಡನೆ ರೂಟಿಂಗ್ ಅಳವಡಿಸಿ ಎರಡು ಊರುಗಳ ಫ್ಯಾಬ್ರಿಕ್‌ಗಳನ್ನು ಪ್ರತ್ಯೇಕವಾಗಿಯೇ ಉಳಿಸಿದರೆ, ಮೆಲ್ಬರ್ನ್‌ನ ದೋಷ ಸಿಡ್ನಿಯ ಫ್ಯಾಬ್ರಿಕ್ಕನ್ನು ಅಲುಗಿಸುವುದಿಲ್ಲ.

ಈ ತೊಂದರೆಗಳಲ್ಲಿ ಬಹುಪಾಲನ್ನು ಕೇಬಲ್ ಜೋಡಿಸುವ ಮೊದಲೇ ತಡೆಯಬಹುದು. ಪ್ರತಿ ಸರ್ವರ್‌ಗೂ ಡಿಸ್ಕಿಗೂ ನಡುವೆ ಎರಡು ಸ್ವತಂತ್ರ ಫ್ಯಾಬ್ರಿಕ್‌ಗಳ ದಾರಿ ಇಟ್ಟು, ಒಂದರಲ್ಲಿ ಬದಲಾವಣೆ ಸ್ಥಿರವಾದ ಮೇಲಷ್ಟೇ ಇನ್ನೊಂದನ್ನು ಮುಟ್ಟುವುದು, ಎರಡೂ ಕಡೆಯ ಕಾನ್ಫಿಗರೇಶನ್‌ನ ಪ್ರತಿ ತೆಗೆದಿರಿಸುವುದು ಮತ್ತು ಡೊಮೇನ್ ಸಂಖ್ಯೆಗಳ ದಾಖಲೆಯನ್ನು ಎಲ್ಲರಿಗೂ ಸಿಗುವಂತೆ ಇಡುವುದು ದುಬಾರಿ ಉಪಾಯಗಳಲ್ಲ. ಸಂಬಳ, ಚಿಕಿತ್ಸೆ, ಪರೀಕ್ಷೆಯ ಫಲಿತಾಂಶಗಳೆಲ್ಲ ಈ ಡಿಸ್ಕ್‌ಗಳಲ್ಲೇ ಇರುವ ಕಾಲದಲ್ಲಿ, ಹೊಸ ಸ್ವಿಚ್ ಎಷ್ಟು ಬೇಗ ಸೇರಿತು ಎಂಬುದಕ್ಕಿಂತ, ಅದು ಸೇರುವಾಗ ಹಳೆಯದು ಒಂದು ಕ್ಷಣವೂ ನಿಲ್ಲಲಿಲ್ಲ ಎಂಬುದೇ ತಂತ್ರಜ್ಞರ ಕುಶಲತೆಗೆ ನಿಜವಾದ ಅಳತೆ.