ಪ್ರಾರ್ಥನೆಯೂ ಆಗಬೇಕು, ದೂರೂ ಆಗಬೇಕು

ಕಡಬ, ನೂಜಿಬಾಳ್ತಿಲ, ನೆಲ್ಯಾಡಿ ಕಡೆಗೆ ಬಸ್ಸಿನಲ್ಲಿ ಬಂದವರಿಗೆ ದಾರಿಯುದ್ದಕ್ಕೂ ಶಿಲುಬೆಗಳು ಕಾಣುತ್ತವೆ, ಅವುಗಳ ಕೆಳಗಿನ ಬೋರ್ಡು ಓದುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಲ್ಯಾಟಿನ್ ಕ್ಯಾಥೊಲಿಕ್, ಸಿರೋ ಮಲಬಾರ್, ಸಿರೋ ಮಲಂಕರ, ಆರ್ಥೊಡಾಕ್ಸ್, ಯಾಕೋಬಾಯ, ಮಾರ್ಥೋಮ, ಸಿ.ಎಸ್.ಐ., ಪೆಂತೆಕೋಸ್ತ್. ಹೊರಗಿನವರಿಗೆ ನಾವೆಲ್ಲ ಒಂದೇ ಕ್ರಿಶ್ಚಿಯನ್ನರು. ಒಳಗೆ ಮಾತ್ರ, ಒಬ್ಬರ ಹುಡುಗಿಯನ್ನು ಇನ್ನೊಬ್ಬರ ಹುಡುಗನಿಗೆ ಕೊಡಬೇಕಾದರೆ ಎರಡು ಕಡೆಯ ಪಾದ್ರಿಗಳ ಕಾಗದಪತ್ರ ಆಗುವಷ್ಟರಲ್ಲಿ ಮಳೆಗಾಲವೇ ಕಳೆದುಹೋಗುತ್ತದೆ. ಪುತ್ತೂರಿನ ಮಾಯಿದೆ ದೇವುಸ್ ಇಗರ್ಜಿಯ ಕೊಂಕಣಿ ಕ್ಯಾಥೊಲಿಕರು ಇಲ್ಲಿನ ಹಳಬರು, 1830ರಿಂದ ಅವರ ಇಗರ್ಜಿಯಿದೆ. ಮಲಯಾಳಿಗಳಾದ ನಾವು ನಿನ್ನೆ ಮೊನ್ನೆ ಬಂದವರು. ನಮ್ಮವರ ಸಂಖ್ಯೆ ಬೆಳೆದಂತೆ 1999ರಲ್ಲಿ ಬೆಳ್ತಂಗಡಿಯಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತ ಆಯಿತು, 2010ರಲ್ಲಿ ಪುತ್ತೂರಿನಲ್ಲಿ ಸಿರೋ ಮಲಂಕರ ಧರ್ಮಪ್ರಾಂತ.

ನಾನು ಇಂಥ ಒಂದು ಮಲಯಾಳಿ ಮನೆಯಲ್ಲಿ ಹುಟ್ಟಿ, ಕನ್ನಡ ಪಾಠ ಮಾಡಿ ನಿವೃತ್ತನಾದವನು. ಮನೆಯಲ್ಲಿ ಮಲಯಾಳ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ. "ಎಷ್ಟು ಕಷ್ಟ ಬಂದರೂ, ಕಲ್ಲು ಬಿದ್ದರೂ ನೀವು ಪ್ರಾರ್ಥನೆ ಮಾಡಿಕೊಂಡು ಸುಮ್ಮನಿರ್ತೀರಲ್ಲ ಮಾಷ್ಟ್ರೇ, ಅದು ಹೇಗೆ?" ಎಂದು ನೆರೆಮನೆಯ ಗೌಡರು ಒಮ್ಮೆ ಕೇಳಿದ್ದರು. ಹೊಗಳಿಕೆಯ ಧಾಟಿಯಲ್ಲೇ ಕೇಳಿದ್ದು. ಆ 'ಸುಮ್ಮನಿರ್ತೀರಿ' ಎಂಬಲ್ಲೇ ನನ್ನ ತಕರಾರು.

ನಮ್ಮವರು 1960ರ ದಶಕದಲ್ಲಿ ತಿರುವಾಂಕೂರಿನ ಕಡೆಯಿಂದ ಜಾಗ ಮಾರಿ ಬಂದರು. ಅಲ್ಲಿ ಒಂದು ಎಕರೆ ಮಾರಿದ ದುಡ್ಡಿಗೆ ಇಲ್ಲಿ ಗುಡ್ಡವೇ ಸಿಗುತ್ತಿತ್ತು, ಗುಡ್ಡದ ಜೊತೆಗೆ ಹಂದಿ, ಆನೆ, ಜ್ವರ ಎಲ್ಲ ಸಿಗುತ್ತಿತ್ತು. ಮೊದಲು ಮರಗೆಣಸು, ಆಮೇಲೆ ಕರಿಮೆಣಸು, ಕೊನೆಗೆ ರಬ್ಬರ್. ರಬ್ಬರ್ ಗಿಡ ನೆಟ್ಟು ಹಾಲು ಕಾಣಬೇಕಾದರೆ ಏಳು ವರ್ಷ ಕಾಯಬೇಕು. ಆ ಏಳು ವರ್ಷ ಹೊಟ್ಟೆಗೆ ಏನು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಕೊಟ್ಟ ಉತ್ತರ ಸಂಜೆಯ ಕೊಂತ, ಅಂದರೆ ಜಪಮಾಲೆ; ಮತ್ತು ಬೆಳಿಗ್ಗೆ ಇನ್ನೊಬ್ಬರ ತೋಟದಲ್ಲಿ ಕೂಲಿ. ಮಳೆಗಾಲದಲ್ಲಿ ಹೊಸ್ಮಠದ ಸೇತುವೆ ಮುಳುಗಿದರೆ ಪೇಟೆಗೂ ನಮಗೂ ಸಂಬಂಧ ಕಡಿಯುತ್ತಿತ್ತು. ಪಾದ್ರಿ ಬರುವಂತಿರಲಿಲ್ಲ, ಡಾಕ್ಟರೂ ಬರುವಂತಿರಲಿಲ್ಲ. ಹಾಗಾಗಿ ನಮ್ಮ ಧರ್ಮ ಇಗರ್ಜಿಗಿಂತ ಹೆಚ್ಚಾಗಿ ಮನೆಯ ಜಗಲಿಯಲ್ಲಿ ಬೆಳೆದದ್ದು.

ಸುಳ್ಯ, ಪುತ್ತೂರಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದವರ ಕತೆ ಇನ್ನೂ ಬಿಗಿ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇಲೆ ಶ್ರೀಲಂಕಾದ ಚಹಾ ತೋಟಗಳಿಂದ ಕಳಿಸಲ್ಪಟ್ಟ ತಮಿಳರು ಅವರು. ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ನಾವಾದರೂ ಬೇಕೆಂದೇ ಬಂದವರು, ಅವರನ್ನು ಎರಡು ಸರ್ಕಾರಗಳು ಕೂತು ಹಂಚಿಕೊಂಡವು. ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ಅವರು ಕಚೇರಿಯಿಂದ ಕಚೇರಿಗೆ ಅಲೆದದ್ದು ಈ ಭಾಗದ ಮಾಷ್ಟ್ರುಗಳಿಗೆಲ್ಲ ಗೊತ್ತು.

ಕಷ್ಟ ಎಂದಾಗ ಜನ ಕಲ್ಲು, ಬೆಂಕಿ ನೆನಪಿಸಿಕೊಳ್ಳುತ್ತಾರೆ. ನಮ್ಮ ಕಡೆ ಕಷ್ಟಕ್ಕೆ ಬೇರೆ ಮುಖಗಳಿವೆ. 2011ರಲ್ಲಿ ಕಿಲೋಗೆ 240 ರೂಪಾಯಿಯ ಹತ್ತಿರ ಹೋಗಿದ್ದ ರಬ್ಬರ್ 2016ರ ಆರಂಭಕ್ಕೆ ನೂರರ ಕೆಳಗೆ ಬಿತ್ತು. ನಡುವೆ ಸಾಲ ಮಾಡಿ ಮನೆ ಕಟ್ಟಿದವರ ಪಾಡು ಕೇಳಬೇಡಿ. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಕಾಡಾನೆ ಒಂದೇ ಬೆಳಿಗ್ಗೆ ಇಬ್ಬರನ್ನು ಕೊಂದಿತು. ಆ ದಿನ ರಸ್ತೆಗೆ ಇಳಿದ ಜನರಲ್ಲಿ ಯಾರ ಕೊರಳಲ್ಲಿ ಏನಿದೆ ಎಂದು ಯಾರೂ ನೋಡಲಿಲ್ಲ. ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗಿಗೆ ನಸುಕಿಗೇ ಹೊರಡುವವರು ಇವತ್ತಿಗೂ ಮೊದಲ ಮರದ ಬುಡದಲ್ಲಿ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ಹಾಗೆಯೇ ಪಟಾಕಿಯನ್ನೂ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಇನ್ನು ಹಗೆತನದ ವಿಷಯ. 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿ ಶಿಲುಬೆ ಮುರಿದರು. ಅದೇ ದಿನ ಜಿಲ್ಲೆಯ ಬೇರೆ ಕಡೆಗಳಲ್ಲೂ ರಾಜ್ಯದ ಇತರ ಊರುಗಳಲ್ಲೂ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾಯಿತು. ಹಿಂದೂ ದೇವರುಗಳನ್ನು ಹೀಯಾಳಿಸುವ ಪುಸ್ತಕ ಹಂಚಿದರು ಎಂಬುದು ಒಂದು ಪಂಗಡದ ಮೇಲಿದ್ದ ಆರೋಪ. ಹೀಯಾಳಿಸುವ ಪುಸ್ತಕವನ್ನು ನಾನು ಸಮರ್ಥಿಸುವುದಿಲ್ಲ, ಪಕ್ಕದ ಮನೆಯ ದೇವರನ್ನು ಬೈದು ನನ್ನ ದೇವರಿಗೆ ಮರ್ಯಾದೆ ತರಲು ಆಗುವುದಿಲ್ಲ. ಆದರೆ ಪುಸ್ತಕಕ್ಕೆ ಉತ್ತರ ಇನ್ನೊಂದು ಪುಸ್ತಕ ಅಥವಾ ಒಂದು ಮೊಕದ್ದಮೆ, ಕಬ್ಬಿಣದ ಸಲಾಕೆ ಅಲ್ಲ. ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ 2011ರ ಜನವರಿಯಲ್ಲಿ ಅಂತಿಮ ವರದಿ ಕೊಟ್ಟಿತು; ಸಮುದಾಯ ಅದನ್ನು ಒಪ್ಪಲಿಲ್ಲ. ಆಗ ನಮ್ಮೊಳಗೇ ಒಂದು ಮಾತು ಓಡಾಡಿತು: "ಅದು ಹೊಸ ಪಂಗಡದವರ ವಿಷಯ, ನಮ್ಮದಲ್ಲ." ಕಲ್ಲು ಎಸೆದವನಿಗೆ ಪಂಗಡದ ಲೆಕ್ಕ ಇರಲಿಲ್ಲ, ನಮಗಿತ್ತು. ನಾಚಿಕೆಯ ಸಂಗತಿ.

ಆ ಗಲಾಟೆ ತಣ್ಣಗಾಗುತ್ತಿದ್ದ ದಿನಗಳಲ್ಲೇ ನಮ್ಮ ತೋಟದಲ್ಲೊಂದು ಘಟನೆ ನಡೆಯಿತು. ನನ್ನ ತಂದೆ, ನಾವು ಚಾಚನ್ ಎಂದು ಕರೆಯುತ್ತಿದ್ದವರು, ತಲೆಗೆ ಲೈಟು ಕಟ್ಟಿಕೊಂಡು ಟ್ಯಾಪಿಂಗಿಗೆ ಹೋದವರು ಬಕೆಟನ್ನು ಖಾಲಿ ಹಿಡಿದುಕೊಂಡು ವಾಪಸು ಬಂದರು. ರಸ್ತೆ ಬದಿಯ ಸಾಲಿನ ಮರಗಳನ್ನು ಯಾರೋ ಕತ್ತಿಯಿಂದ ಕೊಚ್ಚಿದ್ದರು. ಕಡಿದು ಬೀಳಿಸಿರಲಿಲ್ಲ. ಅದು ಗೊತ್ತಿದ್ದವನ ಕೆಲಸ. ರಬ್ಬರ್ ಮರದ ತೊಗಟೆಯಲ್ಲಿ ಹಾಲಿರುವುದು ಒಳಪದರದಲ್ಲಿ. ಟ್ಯಾಪಿಂಗ್ ಮಾಡುವವನು ಓರೆಯಾಗಿ, ಎಡ ಮೇಲಿನಿಂದ ಬಲ ಕೆಳಕ್ಕೆ, ತೆಳ್ಳಗೆ ಸೀಳು ತೆಗೆಯುತ್ತಾನೆ. ಮರದ ತಿರುಳಿಗೆ ಚಾಕು ತಾಗದಂತೆ ಒಂದು ಮಿಲಿಮೀಟರಿನಷ್ಟು ತೊಗಟೆ ಬಿಡಬೇಕು, ಬಿಟ್ಟರೆ ತೊಗಟೆ ಮತ್ತೆ ಬೆಳೆದು ಕೆಲ ವರ್ಷದ ಮೇಲೆ ಅದೇ ಜಾಗದಲ್ಲಿ ಪುನಃ ಹಾಲು ಕೊಡುತ್ತದೆ. ತಿರುಳಿಗೆ ತಾಗಿದರೆ ಅಲ್ಲಿ ಗಂಟು ಕಟ್ಟುತ್ತದೆ. ಗಂಟಿನ ಮೇಲೆ ಚಾಕು ಓಡುವುದಿಲ್ಲ. ಬಂದವನು ಹಾಲು ಬರುವ ಬದಿಯನ್ನೇ ಹುಡುಕಿ ತಿರುಳಿನವರೆಗೆ ಕೊಚ್ಚಿದ್ದ. ಮರ ಸಾಯುವುದಿಲ್ಲ, ಅನ್ನ ಹೋಗುತ್ತದೆ.

ಚಾಚನ್ ಸೆಗಣಿ, ಜೇಡಿಮಣ್ಣು ಕಲಸಿ ಗಾಯಗಳಿಗೆ ಮೆತ್ತಿದರು. ಸಂಜೆ ಕೊಂತಕ್ಕೆ ಕೂರಲಿಲ್ಲ. ನನಗೆ ಗೊತ್ತಿದ್ದಂತೆ ಮನೆಯಲ್ಲಿದ್ದೂ ಅವರು ಪ್ರಾರ್ಥನೆ ತಪ್ಪಿಸಿದ್ದು ಆ ವಾರ ಮಾತ್ರ. ಅಮ್ಮಚ್ಚಿ, ಅಂದರೆ ನಮ್ಮ ತಾಯಿ, ಒಬ್ಬರೇ ಮೊಣಕಾಲೂರಿ, ಮಾಮೂಲಿನಂತೆ ರೋಗಿಗಳಿಗೆ, ಸತ್ತವರಿಗೆ, ಗಲ್ಫಿನಲ್ಲಿರುವ ಮಕ್ಕಳಿಗೆ ಪ್ರಾರ್ಥಿಸಿ, ಕೊನೆಗೆ "ಮರ ಕೊಚ್ಚಿದ ಕೈಗೆ" ಎಂದು ಒಂದು ಸೇರಿಸಿದರು. ಚಾಚನ್‌ಗೆ ಅದು ಸಾಕಾಗಲಿಲ್ಲ. "ಕೈಗೆ ಅಂದರೆ ಯಾರ ಕೈಗೆ? ಹೆಸರು ಹೇಳು" ಎಂದು ಜಗಲಿಯಿಂದಲೇ ಗದರಿದರು. ಅವರಿಗೆ ಒಬ್ಬನ ಮೇಲೆ ಅನುಮಾನವಿತ್ತು, ಅವನೊಂದಿಗೆ ಬೇಲಿಯ ತಕರಾರು ಹಳೆಯದು. ಅಮ್ಮಚ್ಚಿ ತಿರುಗಿ ನೋಡದೆ ಹೇಳಿದರು: "ನಿಮಗೆ ಹೆಸರು ಗೊತ್ತಿದ್ದರೆ ನೀವೇ ಬಂದು ಹೇಳಿ. ಹೆಸರು ಗೊತ್ತಿಲ್ಲದವನಿಗೆ ಪ್ರಾರ್ಥನೆ ಮಾಡುವುದು ನನಗೇನೂ ಕಷ್ಟವಿಲ್ಲ." ವಾರ ಕಳೆದ ಮೇಲೆ ಚಾಚನ್ ಬಂದು ಕೂತರು. ಹೆಸರು ಹೇಳಿದರು. ಹಲ್ಲು ಕಚ್ಚಿಕೊಂಡು ಹೇಳಿದ್ದು, ಆದರೂ ಹೇಳಿದರು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಭಾನುವಾರದ ಪ್ರಸಂಗಕ್ಕೆ ಒಳ್ಳೆಯ ದೃಷ್ಟಾಂತ ಆಗುತ್ತದೆ. ಆದರೆ ಮರ ಕೊಚ್ಚಿದ ಮರುದಿನವೇ, ಇನ್ನೂ ಪ್ರಾರ್ಥನೆಗೆ ಮುನಿಸಿಕೊಂಡಿದ್ದಾಗಲೇ, ಚಾಚನ್ ಠಾಣೆಗೆ ಹೋಗಿ ದೂರು ಕೊಟ್ಟಿದ್ದರು. "ನಮ್ಮವರು ಬೇಡ ಅಂತಾರೆ, ಇನ್ನಷ್ಟು ತೊಂದರೆ ಆದೀತು ಅಂತಾರೆ" ಎಂದು ಅವರು ಹಿಂದೆಮುಂದೆ ನೋಡುತ್ತಿದ್ದಾಗ ಜೊತೆಗೆ ಹೊರಟವರು ಗೌಡರೇ. "ಬರೀರಿ ಮಾರಾಯ್ರೆ, ಸಾಕ್ಷಿ ನಾನು ಹಾಕ್ತೇನೆ." ಸಾಕ್ಷಿ ಹಾಕಿದರು ಕೂಡ. ಆರೋಪಿ ಸಿಗಲಿಲ್ಲ, ಪ್ರಕರಣ ಮುಚ್ಚಿತು. ಮರಗಳನ್ನು ಮತ್ತೊಂದು ಬದಿಯಿಂದ ಟ್ಯಾಪ್ ಮಾಡಿದೆವು. ಅದು ಧರ್ಮದ ಹಗೆಯೋ ಬೇಲಿಯ ಹಗೆಯೋ ಇವತ್ತಿಗೂ ನನಗೆ ತಿಳಿಯದು. ಬಹುಶಃ ಬೇಲಿಯ ಹಗೆಗೆ ಆ ತಿಂಗಳು ಧರ್ಮದ ಧೈರ್ಯ ಸಿಕ್ಕಿತ್ತು. ನಮ್ಮಲ್ಲಿ ಕೆಲವರಿಗೆ ಪಂಚಾಯತಿಯವರು ಚರಂಡಿ ಮಾಡಿಕೊಡದಿದ್ದರೂ ಅದು 'ವಿಶ್ವಾಸಕ್ಕೆ ಬಂದ ಪೀಡನೆ'. ಆ ಅಭ್ಯಾಸವೂ ಒಳ್ಳೆಯದಲ್ಲ. ನಿಜವಾದ ಪೀಡನೆ ಬಂದಾಗ ಯಾರೂ ನಂಬುವುದಿಲ್ಲ.

'ಇನ್ನೊಂದು ಕೆನ್ನೆ ತೋರಿಸು' ಎಂಬುದನ್ನು ಎಲ್ಲರೂ ಬಲ್ಲರು. ಅದನ್ನು ಹೇಳಿದ ಯೇಸುವೇ, ಮಹಾಯಾಜಕನ ಮುಂದೆ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ, ನನ್ನ ಮಾತಿನಲ್ಲಿ ತಪ್ಪೇನೆಂದು ತೋರಿಸು, ಇಲ್ಲದಿದ್ದರೆ ಹೊಡೆದದ್ದೇಕೆ ಎಂದು ಕೇಳಿದ. ಯೋಹಾನನ ಸುವಾರ್ತೆಯಲ್ಲಿದೆ. ಅಪೊಸ್ತಲರ ಕೃತ್ಯಗಳಲ್ಲಿ ಪೌಲ ಮತ್ತು ಸೀಲರನ್ನು ಫಿಲಿಪ್ಪಿ ಪಟ್ಟಣದಲ್ಲಿ ವಿಚಾರಣೆಯಿಲ್ಲದೆ ಹೊಡೆದು ಸೆರೆಗೆ ಹಾಕುತ್ತಾರೆ. ನಡುರಾತ್ರಿ ಅವರು ಹಾಡಿದ್ದನ್ನು ಎಲ್ಲ ಪಾದ್ರಿಗಳೂ ಹೇಳುತ್ತಾರೆ. ಬೆಳಿಗ್ಗೆ ಅಧಿಕಾರಿಗಳು 'ಸದ್ದಿಲ್ಲದೆ ಹೋಗಿ' ಎಂದು ಹೇಳಿಕಳಿಸಿದಾಗ ಪೌಲ ಕದಲಲಿಲ್ಲ, ನಾವು ರೋಮಿನ ಪೌರರು, ಅವರೇ ಬಂದು ಬಿಡಿಸಲಿ ಎಂದ. ಈ ಎರಡನೆಯ ಭಾಗದ ಮೇಲೆ ಪ್ರಸಂಗ ಕೇಳಿದ್ದು ಕಡಿಮೆ.

ಕರಾವಳಿಯ ಕ್ರೈಸ್ತರಿಗೆ ಇದರ ಹಳೆಯ ಪಾಠಗಳಿವೆ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಗುಮಾನಿಯ ಮೇಲೆ ಟಿಪ್ಪು ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಕಳಿಸಿದ. ಸಂಖ್ಯೆಯ ಲೆಕ್ಕ ಒಬ್ಬೊಬ್ಬರದು ಒಂದೊಂದು, ಹತ್ತಾರು ಸಾವಿರವಂತೂ ಹೌದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಉಳಿದವರು ಹಿಂದಿರುಗಿದರು. ಬಂದವರು ಮಾಡಿದ್ದು ಎರಡು ಕೆಲಸ: ಬಿದ್ದ ಇಗರ್ಜಿ ಎತ್ತಿದರು, ಕಳೆದ ಜಮೀನಿಗಾಗಿ ಹೊಸ ಸರ್ಕಾರದ ಮುಂದೆ ಅರ್ಜಿ ಹಿಡಿದು ನಿಂತರು. ಈ ಕತೆಯನ್ನು ಇವತ್ತಿನ ಚುನಾವಣೆಗೆ ಬಳಸುವವರನ್ನು ಕಂಡರೆ ನನಗಾಗದು, ಸೆರೆ ಹೋದವರ ನೋವು ಯಾರ ಮತಪೆಟ್ಟಿಗೆಗೂ ಸಲ್ಲಬೇಕಾದದ್ದಲ್ಲ.

ಮಂಗಳೂರಿನಲ್ಲಿ 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಪಾದ್ರಿಯ ಬಳಿ ದೀಕ್ಷಾಸ್ನಾನ ಪಡೆದಾಗ ಊರೇ ಎದ್ದು ನಿಂತಿತು. ಮನೆಯವರು ಬಿಟ್ಟರು, ಹೆಂಡತಿಯನ್ನು ಅವಳ ಕಡೆಯವರು ಕಳಿಸಿಕೊಡಲಿಲ್ಲ. ಮನೆ, ಜಾತಿ ಬಿಟ್ಟವನಿಗೆ ಕಸುಬೂ ಇಲ್ಲ ಎಂಬುದು ಮಿಷನ್‌ಗೆ ಬೇಗ ಅರ್ಥವಾಯಿತು. ನೇಯ್ಗೆ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಪುತ್ತೂರು, ಸುಳ್ಯದ ಹಳೆಯ ಮನೆಗಳ ಮಾಡಿನಲ್ಲಿ, ದೈವಸ್ಥಾನಗಳ ಮಾಡಿನಲ್ಲೂ, ಹೊದಿಸಿರುವ ಮಂಗಳೂರು ಹಂಚಿನ ಮೂಲ ಅದು. ನಂಬಿಕೆ ಹೊಟ್ಟೆಯನ್ನು ಮರೆತಿದ್ದರೆ ಆ ಸಭೆಗಳು ಒಂದು ತಲೆಮಾರೂ ಬಾಳುತ್ತಿರಲಿಲ್ಲ.

ಇತ್ತೀಚಿನ ಮಾತಿಗೆ ಬಂದರೆ, 2022ರ ಮೇ ತಿಂಗಳಲ್ಲಿ ಕಡಬ ತಾಲೂಕಿನ ಪೇರಡ್ಕದ ಪ್ರಾರ್ಥನಾ ಮಂದಿರಕ್ಕೆ ರಾತ್ರಿ ನುಗ್ಗಿ ಕೇಸರಿ ಧ್ವಜ, ಹನುಮಂತನ ಚಿತ್ರ ಇಟ್ಟರೆಂದು ದೂರು ದಾಖಲಾಯಿತು. ಅದೇ ತಿಂಗಳು ಮತಾಂತರ ನಿಷೇಧದ ಸುಗ್ರೀವಾಜ್ಞೆಯೂ ಬಂತು. ಎರಡು ತಿಂಗಳಲ್ಲಿ ಬೆಳ್ಳಾರೆಯ ಸುತ್ತ ಕೊಲೆಗಳಾದವು. ಸತ್ತವರಲ್ಲಿ ಹಿಂದೂವೂ ಇದ್ದ, ಮುಸ್ಲಿಮನೂ ಇದ್ದ. ಹಗೆ ನಮ್ಮ ಬಾಗಿಲಿಗೆ ಮಾತ್ರ ಬರುತ್ತದೆ ಎಂದು ಅಂದುಕೊಳ್ಳುವಂತಿಲ್ಲ.

ಕ್ಷಮೆ ಎಂದರೆ ಎಲ್ಲರೂ ಗ್ಲ್ಯಾಡಿಸ್ ಸ್ಟೇನ್ಸ್ ಹೆಸರು ಹೇಳುತ್ತಾರೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀಪಿನಲ್ಲೇ ಸುಟ್ಟವರನ್ನು ಆಕೆ ಕ್ಷಮಿಸಿದರು. ಓಡಿಹೋಗದೆ ಬಾರಿಪದದ ಕುಷ್ಠರೋಗಿಗಳ ಆಶ್ರಮವನ್ನು ಮುಂದುವರಿಸಿದರು. ಆದರೆ ಮೊಕದ್ದಮೆ ನಿಲ್ಲಲಿಲ್ಲ. ಅಪರಾಧಿ ದಾರಾ ಸಿಂಗನ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಕೆ ಬಿಟ್ಟುಕೊಟ್ಟದ್ದು ತನ್ನ ಪಾಲಿನ ದ್ವೇಷವನ್ನು. ಕೊಲೆಯ ಲೆಕ್ಕ ದೇಶದ್ದು.

ಆದ್ದರಿಂದ ನಮ್ಮ ಕುಟುಂಬ ಕೂಟಗಳಲ್ಲಿ ನಾನು ಹೇಳುವುದಿಷ್ಟೆ. ಮಂದಿರಕ್ಕೆ ಕಲ್ಲು ಬಿದ್ದರೆ ಪ್ರಾರ್ಥಿಸಿ, ಎಸೆದವನಿಗಾಗಿಯೂ ಪ್ರಾರ್ಥಿಸಿ, ಮುರಿದದ್ದನ್ನು ತೆರವು ಮಾಡುವ ಮೊದಲು ಫೋಟೋ ತೆಗೆಯಿರಿ, ಠಾಣೆಗೆ ಹೋಗಿ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆರಾಧನಾ ಸ್ಥಳ ಕೆಡಿಸುವುದು ಭಾರತೀಯ ನ್ಯಾಯ ಸಂಹಿತೆಯ 298ನೇ ಕಲಮಿನಲ್ಲಿ ಅಪರಾಧ. ಅದು ಮಸೀದಿಗೂ ಅನ್ವಯ, ಗುಡಿಗೂ ಅನ್ವಯ. ಪಕ್ಕದವರ ಗುಡಿಗೆ ಹಾಗಾದರೆ ಸಾಕ್ಷಿ ಹಾಕಲು ನೀವು ಹೋಗಿ. ಕಷ್ಟವೇ ಬಾರದ ಹಾಗೆ ಮಾಡಿಕೊಡುತ್ತೇನೆ ಎನ್ನುವ ಪ್ರಸಂಗಿಯನ್ನು ಮಾತ್ರ ದೂರ ಇಡಿ, ಅಂಥ ನಂಬಿಕೆ ಮೊದಲ ಕಲ್ಲಿಗೇ ಬೀಳುತ್ತದೆ.

ಓದುಗರಲ್ಲಿ ಇನ್ನೊಂದು ವಿನಂತಿ. ನೆರೆಯ ಕ್ರೈಸ್ತರ ಮನೆಯಲ್ಲಿ ಸಂಜೆ ಜನ ಸೇರಿ ಏನು ಮಾಡುತ್ತಾರೆ ಎಂಬ ಅನುಮಾನ ನಿಮಗಿದ್ದರೆ ವಾಟ್ಸಾಪಿನಲ್ಲಿ ಕೇಳಬೇಡಿ, ಏಳು ಗಂಟೆಗೆ ನೇರ ಬಂದು ಕೂರಿ. ಅರ್ಧ ಗಂಟೆಯ ಜಪ, ಆಮೇಲೆ ಚಹಾ. ಸಕ್ಕರೆ ಬೇಡದಿದ್ದರೆ ಮೊದಲೇ ಹೇಳಿ.